ಈ ಮಾತು ಯಾರದು?

ಬಿ.ಎ. ತರಗತಿಗೆ ತತ್ತ್ವಶಾಸ್ತ್ರವನ್ನು ಆರಿಸಿಕೊಂಡ ವಿದ್ಯಾರ್ಥಿಗಳ ನೋಟ್‌ಬುಕ್ಕುಗಳು ನೋಡಲು ಅಂದವಾಗಿರುತ್ತವೆ. ತಲೆಬರಹಕ್ಕೆ ಕೆಂಪು ಶಾಯಿ, ಅದರ ಕೆಳಗೆ ಜೋಡಿ ಗೆರೆ, ಪುಟದ ತುಂಬ ದುಂಡಗಿನ ಅಕ್ಷರ. ಓದುತ್ತ ಹೋದರೆ ಮಾತ್ರ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಗ್ರಂಥಕರ್ತ ಯಾವ ಮಾತನ್ನು ಖಂಡಿಸಲೆಂದೇ ಎತ್ತಿಕೊಂಡಿದ್ದನೋ, ಆ ಮಾತೇ ಅವನ ಸಿದ್ಧಾಂತವೆಂದು ಅಲ್ಲಿ ದಾಖಲಾಗಿರುತ್ತದೆ!

ಇದು ದಡ್ಡತನವಲ್ಲ, ಅಭ್ಯಾಸಬಲ. ಹತ್ತನೆಯ ತರಗತಿಯವರೆಗೆ ಓದುವ ಪಠ್ಯಪುಸ್ತಕಗಳಲ್ಲಿ ಎಲ್ಲ ವಾಕ್ಯಗಳೂ ಲೇಖಕರು ಒಪ್ಪಿದ ವಾಕ್ಯಗಳೇ. ದ್ಯುತಿಸಂಶ್ಲೇಷಣೆಯ ಪಾಠದ ನಡುವೆ ಯಾರೋ ಒಬ್ಬರು ಎದ್ದು ನಿಂತು 'ಎಲೆಗೆ ಬೆಳಕೇ ಬೇಡ' ಎಂದು ಎರಡು ಪುಟ ವಾದಿಸುವುದಿಲ್ಲ. ತತ್ತ್ವಶಾಸ್ತ್ರದ ಮೂಲಗ್ರಂಥಗಳಲ್ಲಿ ಹೀಗೆ ಎದ್ದು ನಿಲ್ಲುವವರೇ ಹೆಚ್ಚು. ಆದ್ದರಿಂದ ಇಲ್ಲಿ ಟಿಪ್ಪಣಿಯ ಮೊದಲ ಕೆಲಸ 'ಏನು ಹೇಳಿದೆ' ಎಂದು ಬರೆಯುವುದಲ್ಲ; 'ಯಾರು ಹೇಳುತ್ತಿದ್ದಾರೆ' ಎಂದು ಗುರುತಿಸುವುದು.

ನಮ್ಮ ಹಿಂದಿನ ಶಾಸ್ತ್ರಕಾರರು ಇದಕ್ಕೆ ಒಂದು ಅಚ್ಚುಕಟ್ಟು ಮಾಡಿಟ್ಟಿದ್ದರು. ವೇದಾಂತದಲ್ಲಿ ಒಂದು ಅಧಿಕರಣವೆಂದರೆ ಐದು ಅಂಗ: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಪೂರ್ವಪಕ್ಷವೆಂದರೆ ಎದುರಾಳಿಯ ವಾದ. ಅದನ್ನು ಸಾಧ್ಯವಾದಷ್ಟು ಬಲವಾಗಿ ಮಂಡಿಸಿದ ಮೇಲೆಯೇ ತಮ್ಮ ಮಾತು. ಸಂಸ್ಕೃತ ಭಾಷ್ಯಗಳಲ್ಲಿ 'ನನು' ಎಂದು ಬಂದರೆ ಸಾಮಾನ್ಯವಾಗಿ ಆಕ್ಷೇಪಕ್ಕೆ ಬಾಗಿಲು ತೆರೆಯಿತೆಂದು ಅರ್ಥ. 'ಇತಿ ಚೇತ್, ನ' ಎಂದರೆ ಬಾಗಿಲು ಮುಚ್ಚಿತು. ಕನ್ನಡ ಅನುವಾದಗಳಲ್ಲಿ 'ಹಾಗಾದರೆ', 'ಎಂದು ಕೇಳಬಹುದು', 'ಎಂದರೆ, ಅದು ಸರಿಯಲ್ಲ' ಎಂಬ ಮಾತುಗಳು ಇದೇ ಕೆಲಸ ಮಾಡುತ್ತವೆ. ಇಂಥ ಪುಟ್ಟ ಮಾತುಗಳ ಸುತ್ತ ಪೆನ್ಸಿಲ್ಲಿನಿಂದ ಒಂದು ಸೊನ್ನೆ ಸುತ್ತುವುದು, ಇಡೀ ಪ್ಯಾರಾದ ಕೆಳಗೆ ಹಳದಿ ಬಣ್ಣ ಬಳಿಯುವುದಕ್ಕಿಂತ ಹತ್ತು ಪಾಲು ಲೇಸು.

ವಿಜಯನಗರ ಕಾಲದ, 14ನೇ ಶತಮಾನದ 'ಸರ್ವದರ್ಶನಸಂಗ್ರಹ'ವನ್ನೇ ತೆಗೆದುಕೊಳ್ಳೋಣ. ಇದು ಮಾಧವಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದದ್ದು. (ದ್ವೈತಮತದ ಮಧ್ವಾಚಾರ್ಯರು ಬೇರೆ, ಅವಸರದ ನೋಟ್ಸಿನಲ್ಲಿ ಇಬ್ಬರೂ ಒಬ್ಬರಾಗಿಬಿಡುತ್ತಾರೆ.) ಇದರ ಮೊದಲ ಅಧ್ಯಾಯ ಚಾರ್ವಾಕ ದರ್ಶನ. ಲೇಖಕರು ಚಾರ್ವಾಕರೇ ಏನೋ ಎನ್ನುವಷ್ಟು ಉತ್ಸಾಹದಿಂದ ಅದನ್ನು ಮಂಡಿಸಿದ್ದಾರೆ. ಮುಂದಿನ ಬೌದ್ಧ ದರ್ಶನ ಆರಂಭವಾಗುವುದೇ ಅದರ ಖಂಡನೆಯಿಂದ.

ಗೈಡುಗಳಲ್ಲಿ ಈ ಅಧ್ಯಾಯದ ಸಾರ ಒಂದೇ ಸಾಲು: 'ಚಾರ್ವಾಕರು ಪ್ರತ್ಯಕ್ಷವನ್ನು ಮಾತ್ರ ಪ್ರಮಾಣವೆಂದು ಒಪ್ಪುತ್ತಾರೆ.' ಮಾತು ಸರಿಯೇ. ಆದರೆ ಅದು ತೀರ್ಮಾನ, ವಾದವಲ್ಲ. ಅನುಮಾನ ಪ್ರಮಾಣವನ್ನು ಅವರು ಏಕೆ ಒಪ್ಪುವುದಿಲ್ಲ? ಹೊಗೆ ಕಂಡಲ್ಲಿ ಬೆಂಕಿಯುಂಟು ಎನ್ನುತ್ತೇವೆ. ಅಡುಗೆಮನೆಯಲ್ಲಿ ಎರಡನ್ನೂ ಒಟ್ಟಿಗೆ ನೋಡಿದ್ದೇವೆ, ನಿಜ. ಆದರೆ ಎಲ್ಲ ಊರುಗಳಲ್ಲಿ, ಹಿಂದೆ, ಮುಂದೆ, ಎಂದೆಂದಿಗೂ ಹಾಗೆಯೇ ಎಂದು ಯಾವ ಕಣ್ಣು ಕಂಡಿತು? ಇನ್ನೊಂದು ಅನುಮಾನದಿಂದ ತಿಳಿಯಿತು ಎಂದರೆ, ಆ ಅನುಮಾನಕ್ಕೆ ಆಧಾರವೇನು? ಇದು ವಾದ. ಬೌದ್ಧರ ಉತ್ತರವೂ ಅಷ್ಟೇ ಚುರುಕು: ಬೆಂಕಿಗೂ ಹೊಗೆಗೂ ಇರುವುದು ಕಾರಣ-ಕಾರ್ಯ ಸಂಬಂಧ; ಅಲ್ಲದೆ 'ಅನುಮಾನ ಪ್ರಮಾಣವಲ್ಲ' ಎಂಬುದಕ್ಕೆ ನೀವು ಹೇತು ಕೊಟ್ಟರೆ ಅದೇ ಅನುಮಾನವಾಯಿತಲ್ಲ! ನಾಲ್ಕು ಸಾಲಿನ ಟಿಪ್ಪಣಿಯಲ್ಲಿ ಇಷ್ಟೂ ಹಿಡಿಸುತ್ತದೆ. ವಿಜ್ಞಾನದ ವಿದ್ಯಾರ್ಥಿಗಳೂ ಇದನ್ನು ಒಮ್ಮೆ ಬರೆದು ನೋಡಬೇಕು. ಹತ್ತು ಸಲ ಅಳೆದು ಒಂದು ನಿಯಮ ಹೇಳುವಾಗ ನಾವು ಮಾಡುವ ಸಾಹಸ ಎಂಥದೆಂದು ತಿಳಿಯುತ್ತದೆ.

ಪಾಶ್ಚಾತ್ಯ ಗ್ರಂಥಗಳಲ್ಲಿ 'ನನು' ಎಂಬ ಗಂಟೆ ಬಾರಿಸುವುದಿಲ್ಲ. ಅಲ್ಲಿ ಇನ್ನಷ್ಟು ಎಚ್ಚರ ಬೇಕು. ರೆನೆ ಡೆಕಾರ್ಟನ 'ಮೆಡಿಟೇಷನ್ಸ್' 1641ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟವಾಯಿತು. ಅದರ ಮೊದಲ ಭಾಗ ಓದಿದವರು 'ಇಂದ್ರಿಯಗಳನ್ನು ನಂಬಬಾರದೆಂಬುದು ಡೆಕಾರ್ಟನ ಮತ' ಎಂದು ಬರೆದು ಮುಗಿಸುತ್ತಾರೆ. ಅಲ್ಲಿ ನಡೆಯುವುದು ಒಬ್ಬನೇ ಆಡುವ ಚದುರಂಗ. ದೂರದ ವಸ್ತುಗಳ ವಿಷಯದಲ್ಲಿ ಕಣ್ಣು ಮೋಸ ಮಾಡುತ್ತದೆ ಎನ್ನುತ್ತಾನೆ. ಸರಿ, ಆದರೆ ಬೆಂಕಿಯ ಬಳಿ ಕುಳಿತಿದ್ದೇನೆ, ಕೈಯಲ್ಲಿ ಕಾಗದವಿದೆ ಎಂಬುದನ್ನು ಶಂಕಿಸುವುದು ಹೇಗೆ? ಕನಸಿನಲ್ಲೂ ಹೀಗೇ ಅನ್ನಿಸುತ್ತದಲ್ಲ! ಕನಸಿನಲ್ಲೂ ಎರಡು ಮೂರು ಸೇರಿದರೆ ಐದೇ. ಹಾಗಾದರೆ ಯಾವನೋ ಮಹಾವಂಚಕ ಅದರಲ್ಲೂ ನಮ್ಮನ್ನು ಮೋಸಗೊಳಿಸುತ್ತಿದ್ದರೆ? ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದವನು ಆರನೆಯ ಭಾಗದ ಹೊತ್ತಿಗೆ ಕಳೆದುಕೊಂಡದ್ದರಲ್ಲಿ ಬಹುಪಾಲನ್ನು ಮರಳಿ ಪಡೆಯುತ್ತಾನೆ. ಟಿಪ್ಪಣಿಯಲ್ಲಿ ಈ ಮೆಟ್ಟಿಲುಗಳು ಒಂದರ ಕೆಳಗೊಂದು ಕಾಣಬೇಕು.

ರಸಾಯನಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ಲವಣ ಪರೀಕ್ಷೆ ಬರೆಯುವಾಗ ಪ್ರಯೋಗ, ವೀಕ್ಷಣೆ, ನಿರ್ಣಯ ಎಂದು ಮೂರು ಅಂಕಣ ಹಾಕುವುದುಂಟು. ಕಂಡದ್ದು ಬೇರೆ, ಅದರಿಂದ ತೀರ್ಮಾನಿಸಿದ್ದು ಬೇರೆ ಎಂಬ ಶಿಸ್ತು ಅದು. ಇಲ್ಲೂ ಅದು ಒಗ್ಗುತ್ತದೆ. ಎಡಗಡೆ ಕಿರಿದಾದ ಅಂಕಣದಲ್ಲಿ 'ಪೂ' ಅಥವಾ 'ಸಿ' ಎಂಬ ಒಂದೇ ಅಕ್ಷರ, ಪುಟಸಂಖ್ಯೆ. ನಡುವೆ ವಾದ, ಸ್ವಂತ ಮಾತಿನಲ್ಲಿ. ಬಲಗಡೆ ಓದುಗನ ತಕರಾರು. ಮೊದಲ ಸಲ ಓದುವಾಗ ಪೆನ್ನು ಜೇಬಿನಲ್ಲೇ ಇರಲಿ. ಯಾರ ಮಾತೆಂದು ತಿಳಿಯುವ ಮೊದಲೇ ಬರೆಯಲು ಹೊರಟರೆ ಮೇಲೆ ಹೇಳಿದ ಅನಾಹುತ ಖಂಡಿತ. ಮೊಬೈಲಿನಲ್ಲಿ ಪುಟದ ಫೋಟೋ ತೆಗೆದಿಟ್ಟುಕೊಳ್ಳುವುದಂತೂ ಟಿಪ್ಪಣಿಯೇ ಅಲ್ಲ.

ಬಲಗಡೆಯ ಅಂಕಣ ಖಾಲಿ ಬಿಡುವವರೇ ಬಹಳ. 'ಅಷ್ಟು ದೊಡ್ಡವರನ್ನು ಪ್ರಶ್ನಿಸಲು ನಾವು ಯಾರು' ಎಂಬ ಸಂಕೋಚ. ಡೆಕಾರ್ಟನಿಗೇ ಆ ಸಂಕೋಚ ಇರಲಿಲ್ಲ. ಹಾಬ್ಸ್, ಆರ್ನೊ, ಗಸೆಂಡಿ ಮೊದಲಾದವರ ಆಕ್ಷೇಪಗಳನ್ನೂ ತನ್ನ ಉತ್ತರಗಳನ್ನೂ ಅದೇ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಆರ್ನೊ ಕೇಳಿದ್ದು ಜಾಣ ಪಿ.ಯು. ವಿದ್ಯಾರ್ಥಿಗೂ ಹೊಳೆಯಬಹುದಾದ ಪ್ರಶ್ನೆ: ಸ್ಪಷ್ಟವಾಗಿ ತೋರಿದ್ದು ಸತ್ಯ ಎನ್ನಲು ದೇವರ ಭರವಸೆ ಬೇಕು, ದೇವರು ಇದ್ದಾನೆನ್ನಲು ಅದು ಸ್ಪಷ್ಟವಾಗಿ ತೋರುತ್ತದೆ ಎಂಬುದೇ ಆಧಾರ. ಹಾಗಾದರೆ ಯಾವುದು ಮೊದಲು?

ಎಂ. ಹಿರಿಯಣ್ಣನವರ 'ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ' (1932) ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಪಾಠಗಳಿಂದ ಮೂಡಿದ ಗ್ರಂಥ. ಅಂಥದನ್ನು ದಾರಿಯ ನಕ್ಷೆಯಂತೆ ಪಕ್ಕದಲ್ಲಿಟ್ಟುಕೊಳ್ಳಬೇಕು. ಅದನ್ನೇ ಮತ್ತೆ ಸಂಕ್ಷೇಪಿಸಿದರೆ ಹಿಂಡಿದ ನಿಂಬೆಹಣ್ಣನ್ನು ಮತ್ತೆ ಹಿಂಡಿದ ಹಾಗೆ.

ಪಾಲಕರಿಗೂ ಒಂದು ಮಾತು. ಮಗಳು ಎರಡು ಗಂಟೆ ಕುಳಿತು ಮೂರೇ ಪುಟ ಓದಿದಳೆಂದು ಗದರಬೇಡಿ. ಈ ವಿಷಯದಲ್ಲಿ ಅದು ನಿಧಾನವಲ್ಲ. ಊಟದ ಹೊತ್ತಿನಲ್ಲಿ ಪುಸ್ತಕ ಮುಚ್ಚಿ ಆ ವಾದವನ್ನು ಹೇಳಲು ಬಿಡಿ. ಕೇಳುವವರಿಗೆ ತತ್ತ್ವಶಾಸ್ತ್ರ ತಿಳಿದಿರಬೇಕಿಲ್ಲ. 'ಹಾಗಂದವರು ಯಾರು?', 'ಯಾಕೆ?' ಎಂದು ಎರಡು ಸಲ ಕೇಳಿದರೆ ಸಾಕು. ಎಲ್ಲಿ ತಡವರಿಸಿದಳೋ ಆ ಸಾಲಿಗೆ ಗುರುತು ಹಾಕಿಕೊಂಡು ಮರುದಿನ ಅದೊಂದೇ ಪುಟವನ್ನು ತೆರೆಯಲಿ.