ಸಂಬಳದ ಪಟ್ಟಿ ಬರೆಯುವ ಬಂಧುಗಳಲ್ಲಿ ವಿಜ್ಞಾಪನೆ

ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡುಗಳಿಂದ ಹೊರಟು ದುಬೈ, ಅಬುಧಾಬಿಗಳಲ್ಲಿ ನೆಲೆಯೂರಿ, ಇಂದು ಅಲ್ಲಿ ಲೆಕ್ಕಿಗರಾಗಿ, ಮೇಲ್ವಿಚಾರಕರಾಗಿ, ಪಿ.ಆರ್.ಓ.ಗಳಾಗಿ, ಕೆಲವರು ಸ್ವತಃ ಯಜಮಾನರಾಗಿಯೂ ಇರತಕ್ಕ ಕನ್ನಡಿಗರಲ್ಲಿ ನನ್ನದೊಂದು ಅರಿಕೆಯುಂಟು.

ಆ ನಾಡಿನಲ್ಲಿ ಶಾಸನಗಳಿಗೆ ಅಭಾವವಿಲ್ಲ. 2009ರಲ್ಲಿ ಬಂದ ವೇತನ ಸಂರಕ್ಷಣಾ ವ್ಯವಸ್ಥೆಯಂತೆ ಸಂಬಳವು ಸರ್ಕಾರದ ಕಣ್ಣಿಗೆ ಬೀಳುವ ಹಾದಿಯಲ್ಲಿಯೇ ಸಲ್ಲತಕ್ಕದ್ದು. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾಯಿದೆಯು ಕಾರ್ಮಿಕನ ಪಾಸ್‌ಪೋರ್ಟನ್ನು ವಶದಲ್ಲಿಟ್ಟುಕೊಳ್ಳುವುದನ್ನೂ ನೇಮಕಾತಿಯ ವೆಚ್ಚವನ್ನು ಅವನ ತಲೆಗೆ ಕಟ್ಟುವುದನ್ನೂ ನಿಷೇಧಿಸಿದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಯಲಿನಲ್ಲಿ ದುಡಿಸಿದವನು ಆಳೊಬ್ಬನಿಗೆ 5,000 ದಿರ್ಹಮ್ ದಂಡ ತೆರಬೇಕು.

ಆದರೆ ಸರ್ಕಾರದ ಪರೀಕ್ಷಕನಿಗೆ ಕಾಣುವುದು ಬ್ಯಾಂಕಿನ ಅಂಕಿ ಮಾತ್ರ. ಆ ಅಂಕಿಯು ನಿಷ್ಕಳಂಕವಾಗಿರುವಾಗಲೇ, ಎ.ಟಿ.ಎಂ. ಕಾರ್ಡುಗಳನ್ನು ಕಚೇರಿಯ ಕಪಾಟಿನಲ್ಲಿರಿಸಿಕೊಂಡು, ಅಥವಾ ಜಮೆಯಾದ ಹಣದಲ್ಲೊಂದು ಪಾಲನ್ನು ಮರುದಿನವೇ ನಗದಾಗಿ ಹಿಂದಕ್ಕೆ ಪಡೆದು, ಸೋನಾಪುರದ ಅಥವಾ ಮುಸಫ್ಫಾದ ಕಾರ್ಮಿಕರ ಕ್ಯಾಂಪಿಗೆ ಬಡವನನ್ನು ಬರಿಗೈಯಲ್ಲಿ ಕಳುಹುವ ಚಾತುರ್ಯವನ್ನು ಯಾವ ಯಂತ್ರವೂ ಕಂಡುಹಿಡಿಯಲಾರದು. ಬಲ್ಲವನು ಪಟ್ಟಿ ಬರೆದವನೊಬ್ಬನೇ. ಅವನು ಕೆಲವೊಮ್ಮೆ ನಮ್ಮ ಭಾಷೆಯವನೇ ಆಗಿರುತ್ತಾನೆ (ರಾಜ್ಯೋತ್ಸವಕ್ಕೆ ಧಾರಾಳವಾಗಿ ಚಂದಾ ಕೊಡುವವನೂ ಆಗಿರಬಹುದೆಂದು ಹೇಳಲು ಸಂಕೋಚವಾಗುತ್ತದೆ).

ಕಾರ್ಮಿಕ ಸಂಘಕ್ಕಾಗಲಿ ಮುಷ್ಕರಕ್ಕಾಗಲಿ ಅವಕಾಶವಿಲ್ಲದ ದೇಶದಲ್ಲಿ ದುಡಿಯುವವನಿಗೆ ಉಳಿದಿರುವುದು ದೂರೊಂದೇ. ವಿಸಿಟ್ ವೀಸಾದ ಮೇಲೆ ಕರೆಸಿ ಕೆಲಸಕ್ಕೆ ಹಚ್ಚಿದವನಿಗಂತೂ ಅದನ್ನು ಕೊಡಲೂ ಭಯ, ಏಕೆಂದರೆ ತಾನೇ ಅಪರಾಧಿಯಾದೇನೆಂಬ ಶಂಕೆ. ಪರವಾನಗಿಯಿಲ್ಲದೆ ದುಡಿಸುವ ಯಜಮಾನನಿಗೆ 2024ರ ತಿದ್ದುಪಡಿಯಂತೆ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ದಂಡವುಂಟೆಂಬುದನ್ನೂ, 50,000 ದಿರ್ಹಮ್‌ವರೆಗಿನ ವ್ಯಾಜ್ಯವನ್ನು ಅಲ್ಲಿನ ಕಾರ್ಮಿಕ ಸಚಿವಾಲಯವೇ ತೀರ್ಮಾನಿಸಬಲ್ಲುದೆಂಬುದನ್ನೂ, ದುಬೈಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 800 46342ರಲ್ಲಿ ಉಚಿತವಾಗಿ ಕರೆಮಾಡಬಹುದೆಂಬುದನ್ನೂ ಅವನಿಗೆ ಹೇಳುವವರು ಯಾರು?

ಊರಿನಲ್ಲಿರುವವರಿಗೂ ಒಂದು ಮಾತು: ಭಾರತದ ನೋಂದಾಯಿತ ನೇಮಕಾತಿ ಏಜೆಂಟನು ಪಡೆಯಬಹುದಾದ ಶುಲ್ಕ, ತೆರಿಗೆಯನ್ನು ಬಿಟ್ಟು, 30,000 ರೂಪಾಯಿ ಮಾತ್ರ. ಲಕ್ಷ ಕೇಳಿದವನಿಗೆ ಗದ್ದೆ ಅಡವಿಟ್ಟು ಕೊಡಬೇಡಿ, ರಸೀದಿ ಕೇಳಿ.

ಬಂಧುಗಳೆ, ನಿಮ್ಮ ಕಪಾಟಿನಲ್ಲಿ ಪರರ ಪಾಸ್‌ಪೋರ್ಟಾಗಲಿ ಕಾರ್ಡಾಗಲಿ ಇದ್ದರೆ ಈ ತಿಂಗಳ ಸಂಬಳದ ದಿನಕ್ಕೆ ಮೊದಲೇ ಹಿಂದಿರುಗಿಸಿರಿ. ಯಜಮಾನನು ಸುಳ್ಳುಪಟ್ಟಿ ಬರೆಯಹೇಳಿದರೆ ಬರೆಯದಿರಿ. ದೂರು ಕೊಡಲು ಹೊರಟವನೊಡನೆ, ಅವನಿಗೆ ಅರಬ್ಬಿಯೂ ಇಂಗ್ಲಿಷೂ ಬಾರದಿದ್ದರೆ, ನೀವೂ ಹೋಗಿರಿ.