ಜಗಳ ಇಬ್ಬರದು, ಜಮೀನು ಮೂರನೆಯವರದು

ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಈಗ ಅಸ್ಸಾಮಿನ ಕೂಲಿಕಾರರೂ ಇದ್ದಾರೆ. ‘ಇವರು ಬಂದು ನಮ್ಮವರ ಕೂಲಿ ಕೆಡಿಸಿದರು’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ, ಕೆಲವೊಮ್ಮೆ ಆಡಿಯೂ ಇದ್ದೇವೆ. ಇಂಥದೇ ಮಾತು ಅವರ ಊರಿನಲ್ಲಿ ಎಲ್ಲಿಗೆ ಮುಟ್ಟಿತು ಗೊತ್ತೆ?

1826ರಲ್ಲಿ ಅಸ್ಸಾಂ ಬ್ರಿಟಿಷರ ಕೈಸೇರಿತು. ಊರವರು ದನ ಮೇಯಿಸುತ್ತಿದ್ದ, ಜಾಗ ಬದಲಿಸುತ್ತಾ ಬೇಸಾಯ ಮಾಡುತ್ತಿದ್ದ ನೆಲವನ್ನು ಅವರು ‘ಪಾಳುಭೂಮಿ’ ಎಂದು ಕರೆದು ಚಹಾ ತೋಟದ ದೊರೆಗಳಿಗೆ ಕೊಟ್ಟರು. ದುಡಿಯಲು ಛೋಟಾನಾಗಪುರದ ಕಡೆಯಿಂದ ಸಂತಾಲ, ಮುಂಡಾ, ಒರಾಂವ್ ಆದಿವಾಸಿಗಳನ್ನು ಕರಾರಿನ ಮೇಲೆ ಕರೆತಂದರು. ತೋಟ ಬಿಟ್ಟು ಓಡಿದವರನ್ನು ಹಿಡಿಯುವ ಅಧಿಕಾರವನ್ನು 1865ರ ಕಾನೂನು ಮಾಲೀಕರಿಗೇ ಕೊಟ್ಟಿತು. ಇನ್ನಷ್ಟು ಸಂತಾಲರನ್ನು 1880ರ ದಶಕದಲ್ಲಿ ಮಿಷನರಿಗಳು ಬೋಡೊ ಜನರಿದ್ದ ಪಶ್ಚಿಮ ಅಸ್ಸಾಮಿನಲ್ಲಿ ನೆಲೆಗೊಳಿಸಿದರು.

ಬೋಡೊಗಳೂ ಬುಡಕಟ್ಟು ಜನ. ನೆಲ, ಕಾಡು ಕೈತಪ್ಪುತ್ತಿದ್ದ ಅವರ ಸಂಕಟ ಸುಳ್ಳಲ್ಲ. ಆದರೆ ಆ ಸಿಟ್ಟು ಪಕ್ಕದ ಗುಡಿಸಲಿನ ಕಡೆ ತಿರುಗಿತು. 1996 ಮತ್ತು 1998ರ ಹಿಂಸೆಯಲ್ಲಿ ಲಕ್ಷಾಂತರ ಜನ ಮನೆ ಬಿಟ್ಟು ಶಿಬಿರ ಸೇರಿದರು. 2014ರ ಡಿಸೆಂಬರಿನಲ್ಲಿ ಬೋಡೊ ಉಗ್ರರು ಅರವತ್ತಕ್ಕೂ ಹೆಚ್ಚು ಆದಿವಾಸಿಗಳನ್ನು ಕೊಂದರು, ಪ್ರತೀಕಾರಕ್ಕೆ ಬೋಡೊಗಳ ಮನೆಗಳೂ ಸುಟ್ಟವು. ಕೊಂದವರ ತಪ್ಪನ್ನು ಯಾವ ಇತಿಹಾಸವೂ ತೊಳೆಯುವುದಿಲ್ಲ. ಆದರೆ ಜಗಳದ ಬೇರು ಎಲ್ಲಿದೆ ಎಂದು ಅದು ತೋರಿಸುತ್ತದೆ.

ಇನ್ನೊಂದು ಗಂಟು ನೋಡಿ. ಜಾರ್ಖಂಡಿನಲ್ಲಿ ಪರಿಶಿಷ್ಟ ಪಂಗಡವಾಗಿರುವ ಸಂತಾಲರನ್ನು ಅಸ್ಸಾಮಿನಲ್ಲಿ ಆ ಪಟ್ಟಿಗೆ ಸೇರಿಸಲಿಲ್ಲ. ಸೇರಿಸಿ ಎಂದು ಅವರು ಕೇಳಿದಾಗ, ತಮ್ಮ ಪಾಲು ಕಡಿಮೆಯಾದೀತೆಂದು ಈಗಾಗಲೇ ಪಟ್ಟಿಯಲ್ಲಿರುವ ಬುಡಕಟ್ಟುಗಳು ಹೆದರುತ್ತವೆ. ಒಂದು ರೊಟ್ಟಿಗೆ ಇಬ್ಬರು ಹಸಿದವರು ಕಿತ್ತಾಡುವಾಗ, ಹಿಟ್ಟಿನ ಮೂಟೆ ಯಾರ ಮನೆಯಲ್ಲಿದೆ ಎಂದು ಕೇಳುವವರೇ ಇಲ್ಲ. ತೋಟದ ಯಜಮಾನರು ಬದಲಾದರು, ಕಂಪನಿಗಳ ಹೆಸರು ಬದಲಾಯಿತು. ಚಿಗುರು ಕೀಳುವವರು ಮಾತ್ರ ತಲೆಮಾರುಗಟ್ಟಲೆ ಹಕ್ಕುಪತ್ರವಿಲ್ಲದ ಲೈನಿನಲ್ಲೇ ಉಳಿದರು.

ಈಗ ನಮ್ಮ ಕೊಡಗಿಗೆ ಬನ್ನಿ. ಲೈನ್‌ಮನೆಯಲ್ಲಿ ಹುಟ್ಟಿ, ಸ್ವಂತಕ್ಕೆ ಒಂದು ಸೈಟೂ ಇಲ್ಲದೆ ಬದುಕುವ ಯರವರ ಭಯ ನಿಜ. ಅಸ್ಸಾಮಿನಿಂದ ಬಂದವರ ಹಸಿವೂ ನಿಜ. ಇಬ್ಬರ ಕೂಲಿಯನ್ನು ನಿಗದಿ ಮಾಡುವ ಕೈ ಒಂದೇ. ಹಾಗಿದ್ದ ಮೇಲೆ ಕೇಳಬೇಕಾದ್ದು ‘ನೀನು ಯಾಕೆ ಬಂದೆ?’ ಎಂದಲ್ಲ. ‘ನಿನಗೆ ದಿನಕ್ಕೆ ಎಷ್ಟು ಕೊಡುತ್ತಾರೆ?’ ಎಂದು. ಆ ಲೆಕ್ಕವನ್ನು ಇಬ್ಬರೂ ಕೂತು ಹೋಲಿಸಿದ ದಿನ, ಮಾತು ನಿಜವಾದ ಬಾಗಿಲಿಗೆ ಹೋಗುತ್ತದೆ ಎಂದು ನಾವು ನಂಬಿದ್ದೇವೆ.