ಹಳೆಯ ಕಾರಿನ ಬ್ರೇಕು: ಪಾದಕ್ಕೆ ತಿಳಿಯುವ ರೋಗ

ಹಳೆಯ ಕಾರು ಹೊರಡದೆ ನಿಂತರೆ ಮನೆಯವರಿಗೆ ಬೇಸರ. ನಿಲ್ಲದೆ ಹೊರಟರೆ ಪ್ರಾಣಸಂಕಟ. ಆದರೂ ಇಂಜಿನ್ನಿಗೆ ಸಲ್ಲುವ ಉಪಚಾರ ಬ್ರೇಕಿಗೆ ಸಲ್ಲುವುದು ಅಪರೂಪ. ಬ್ರೇಕಿನ ರೋಗ ಸಾಮಾನ್ಯವಾಗಿ ಒಮ್ಮೆಗೇ ಎರಗುವುದಿಲ್ಲ. ಅದರ ಲಕ್ಷಣಗಳು ಪೆಡಲಿನ ಮೂಲಕ ಚಾಲಕನ ಪಾದಕ್ಕೆ ಮೊದಲೇ ತಿಳಿಯುತ್ತವೆ.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ರೂಪುಗೊಂಡು, 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಡರನ್ನು ಉದಾಹರಣೆಗೆ ನೋಡಬಹುದು. ಅದರ ಹಳೆಯ ಮಾದರಿಗಳಲ್ಲಿ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರು ದ್ರವವನ್ನು ಒತ್ತುತ್ತದೆ. ಆ ಒತ್ತಡ ಕೊಳವೆಗಳ ಮೂಲಕ ಚಕ್ರದ ಸಿಲಿಂಡರುಗಳನ್ನು ಮುಟ್ಟಿ, ಶೂಗಳನ್ನು ಡ್ರಮ್ಮಿನ ಒಳಮೈಗೆ ಅದುಮುತ್ತದೆ. ನಾಲ್ಕು ಚಕ್ರಗಳಿಗೂ ಒಂದೇ ದ್ರವಮಾರ್ಗ. ಎಲ್ಲಿ ಒಡೆದು ಸೋರಿದರೂ ನಾಲ್ಕೂ ಕೈಬಿಡುತ್ತವೆ. ಉಳಿಯುವುದು ಹಿಂದಿನ ಚಕ್ರಗಳನ್ನು ಹಿಡಿಯುವ ಕೈಬ್ರೇಕೊಂದೇ.

ಪರೀಕ್ಷೆಯನ್ನು ಸಮತಟ್ಟಾದ ನೆಲದಲ್ಲಿ, ಗಾಡಿ ನಿಂತಿರುವಾಗಲೇ ಆರಂಭಿಸಬೇಕು. ಮೊದಲ ತುಳಿತಕ್ಕೆ ಪೆಡಲು ಆಳಕ್ಕೆ ಹೋಗಿ, ಎರಡನೆಯ ತುಳಿತಕ್ಕೆ ಮೇಲೆಯೇ ಗಟ್ಟಿಯಾಗಿ ನಿಂತರೆ ಶೂಗಳು ಸವೆದಿರಬಹುದು, ಅಥವಾ ಅವುಗಳ ಹೊಂದಾಣಿಕೆ ಸಡಿಲವಾಗಿರಬಹುದು. ಪೆಡಲು ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯೊಳಗೆ ಗಾಳಿ ಸೇರಿದೆಯೆಂದು ಶಂಕಿಸಬೇಕು. ದ್ರವವನ್ನು ಕುಗ್ಗಿಸುವುದು ಕಷ್ಟ, ಗಾಳಿಯನ್ನು ಕುಗ್ಗಿಸುವುದು ಸುಲಭ. ಪಾದದ ಶ್ರಮವೆಲ್ಲ ಅಲ್ಲಿಯೇ ವ್ಯರ್ಥವಾಗುತ್ತದೆ. ಒಂದೇ ಸಮನೆ ಒತ್ತಿಹಿಡಿದ ಪೆಡಲು ನಿಧಾನವಾಗಿ ಕೆಳಗಿಳಿದರೆ ಎಲ್ಲೋ ಸೋರಿಕೆಯಿದೆ. ಚಕ್ರಗಳ ಒಳಬದಿಯಲ್ಲಾಗಲಿ ಕೊಳವೆಗಳ ಕೀಲುಗಳಲ್ಲಾಗಲಿ ತೇವ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ರಬ್ಬರ್ ಬಟ್ಟಲು ಸವೆದು ದ್ರವ ಒಳಗೇ ಹಿಂದಕ್ಕೆ ನುಸುಳುತ್ತಿರುವುದು ಸಂಭವ.

ಬ್ರೇಕು ಹಾಕಿದೊಡನೆ ಗಾಡಿ ಎಡಕ್ಕೆ ಎಳೆದರೆ ಎಡಚಕ್ರವನ್ನು ದೂರುವುದು ವಾಡಿಕೆ. ಅನೇಕ ವೇಳೆ ಎಡಚಕ್ರ ತನ್ನ ಕರ್ತವ್ಯವನ್ನೇ ಮಾಡುತ್ತಿರುತ್ತದೆ, ಮೈಗಳ್ಳತನ ಬಲಚಕ್ರದ್ದು. ಅಲ್ಲಿ ಶೂಗಳ ಮೇಲೆ ಎಣ್ಣೆ ಹರಿದಿರಬಹುದು, ಇಲ್ಲವೆ ಸಿಲಿಂಡರು ತುಕ್ಕು ಹಿಡಿದು ಬಿಗಿದಿರಬಹುದು.

ಕೆಲವು ಕಿಲೋಮೀಟರು ಓಡಿದ ಮೇಲೆ ಬ್ರೇಕು ತಾನಾಗಿಯೇ ಹಿಡಿದುಕೊಳ್ಳುವುದು ಇನ್ನೊಂದು ತೊಂದರೆ. ನಾಲ್ಕು ಚಕ್ರಗಳೂ ಬಿಗಿದಿದ್ದರೆ ಪೆಡಲಿನ ಆರಂಭದ ಸಡಿಲ ಚಲನೆಯನ್ನು ನೋಡಬೇಕು. ಅದು ಇಲ್ಲವಾದರೆ ಮಾಸ್ಟರ್ ಸಿಲಿಂಡರಿನ ಸಣ್ಣ ರಂಧ್ರ ಮುಚ್ಚಿಹೋಗಿ, ಬಿಸಿಯಿಂದ ಹಿಗ್ಗಿದ ದ್ರವಕ್ಕೆ ಹಿಂದಿರುಗುವ ದಾರಿ ಉಳಿಯದು. ಒಂದೇ ಚಕ್ರ ಬಿಗಿದಿದ್ದು, ಗಾಳಿ ತೆಗೆಯುವ ತಿರುಪನ್ನು ಸಡಿಲಿಸಿದೊಡನೆ ಬಿಟ್ಟುಕೊಂಡರೆ, ರಬ್ಬರ್ ಕೊಳವೆ ಒಳಗೊಳಗೇ ಊದಿರುವ ಶಂಕೆ ಬಲವಾಗುತ್ತದೆ. ಹೊರಗೆ ನೋಡಲು ಅದು ಹೊಸತರಂತೆಯೇ ಇರಬಹುದು.

ಊರೊಳಗೆ ಅಡಗಿದ್ದು ಘಟ್ಟದಲ್ಲಿ ಬಯಲಾಗುವ ರೋಗವೂ ಉಂಟು. ಸಾಮಾನ್ಯ ಬ್ರೇಕ್ ದ್ರವ ವಾತಾವರಣದ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವಗೊಂಡ ದ್ರವಕ್ಕೆ ಆ ಮಿತಿ 140 ಡಿಗ್ರಿ ಮಾತ್ರ. ಆಗುಂಬೆಯ ತಿರುವುಗಳನ್ನು ಬ್ರೇಕಿನ ಮೇಲೆಯೇ ಇಳಿದರೆ ದ್ರವ ಕುದಿದು ಆವಿಯಾಗಿ, ಪೆಡಲು ನೆಲ ಮುಟ್ಟೀತು. ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಾಯಿಸುವುದೂ, ಕೆಳಗಿನ ಗೇರಿನಲ್ಲಿ ಇಳಿಯುವುದೂ ಇದಕ್ಕೆ ಮದ್ದು. ಇಂಜಿನ್ ಎಣ್ಣೆಯನ್ನಂತೂ ಬ್ರೇಕಿಗೆ ಎಂದಿಗೂ ಸುರಿಯಬಾರದು. ರಬ್ಬರ್ ಭಾಗಗಳು ಊದಿ ಕೆಡುತ್ತವೆ.

ಹಳೆಯ ಶೂಗಳ ಪಟ್ಟಿಯಲ್ಲಿ ಕಲ್ನಾರು ಇರುವುದುಂಟು. ಡ್ರಮ್ಮಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರಸಬೇಕು. ಬಿಚ್ಚಿ ಜೋಡಿಸುವ ಕೆಲಸವನ್ನು ಬಲ್ಲ ಮೆಕ್ಯಾನಿಕನಿಗೆ ಬಿಡುವುದೇ ಲೇಸು. ಆದರೆ ಲಕ್ಷಣವನ್ನು ಸರಿಯಾಗಿ ಹೇಳಬಲ್ಲ ಒಡೆಯನಿಗೆ ಬೇಡದ ಭಾಗಗಳಿಗೆ ಹಣ ತೆರುವ ಪ್ರಮೇಯ ಕಡಿಮೆ. ದ್ರವದ ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಮಾತ್ರ, ತುಂಬಿಸಿ ಪ್ರಯಾಣ ಹೊರಡಬಾರದು. ಇಳಿದ ದ್ರವ ಎಲ್ಲಿಗೆ ಹೋಯಿತೆಂದು ತಿಳಿಯುವವರೆಗೆ ಗಾಡಿ ಮನೆಯಲ್ಲಿಯೇ ನಿಂತಿರಲಿ.